ವಾರಂಟಿ ಎಂಬ ಬಣ್ಣದ ಕಾಗದ!



ನಾನು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರದ ಜೊತೆಗೆ ಮಿಕ್ಸಿ, ಸ್ಟೆಬಿಲೈಜರ್ ಮಾರುವವರ ವಾರಂಟಿ ಕಾರ್ಡುಗಳನ್ನೂ ಅಚ್ಚು ಹಾಕಿದ್ದೇನೆ. ಆ ಕಸುಬಿನ ಗುಟ್ಟೊಂದು ಹೇಳುತ್ತೇನೆ, ಕೇಳಿ. ಕೊಡುವ ಮಾತು 24 ಪಾಯಿಂಟ್ ದಪ್ಪಕ್ಷರದಲ್ಲಿರುತ್ತದೆ. ಕಿತ್ತುಕೊಳ್ಳುವ ಮಾತು 6 ಪಾಯಿಂಟ್ ಇರುವೆ ಅಕ್ಷರದಲ್ಲಿರುತ್ತದೆ. ಅಕ್ಷರ ಸಣ್ಣದಾಗಿರುವುದು ಕಾಗದ ಉಳಿಸಲಿಕ್ಕಲ್ಲ ಸ್ವಾಮಿ, ನೀವು ಓದಬಾರದು ಎಂದೇ!

ಈಗ ಇದೇ ಆಟ ನಿಮ್ಮ ಎಲೆಕ್ಟ್ರಿಕ್ ಸ್ಕೂಟರಿನ ಮೇಲೆ ನಡೆಯುತ್ತಿದೆ. ಲಕ್ಷ, ಲಕ್ಷದ ಮೇಲೆ ಮೂವತ್ತು ನಲವತ್ತು ಸಾವಿರ ಕೊಟ್ಟು, ಕಂತು ಕಟ್ಟಿ ಗಾಡಿ ತರುತ್ತೀರಿ. ಬ್ಯಾಟರಿಗೆ 8 ವರ್ಷ, 80,000 ಕಿಲೋಮೀಟರ್ ಎಂದು ಜಾಹೀರಾತು ಬೊಬ್ಬೆ ಹೊಡೆಯುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೋಟಾರು ಗೊರಗೊರ ಎನ್ನುತ್ತದೆ, ಇಲ್ಲವೇ ನಡುರಸ್ತೆಯಲ್ಲಿ ಕೈಕೊಡುತ್ತದೆ. ವಾರಂಟಿ ಇದೆಯಲ್ಲ ಎಂದು ಹೋದರೆ ಇರುವೆ ಅಕ್ಷರಗಳು ಎದ್ದು ಬರುತ್ತವೆ: ನೀರು ಹೋಗಿದ್ದರೆ ಇಲ್ಲ, ಹೊರಗೆ ಬಿಚ್ಚಿಸಿದ್ದರೆ ಇಲ್ಲ, ಸರ್ವೀಸ್ ತಪ್ಪಿಸಿದ್ದರೆ ಇಲ್ಲ. ಬೆಂಗಳೂರಿನಲ್ಲಿ ಮಳೆ ಬರುತ್ತದೆ ಎಂಬುದು ಗಾಡಿ ಮಾರುವಾಗ ಇವರಿಗೆ ಗೊತ್ತಿರಲಿಲ್ಲವೇ?

ನನ್ನ ಪ್ರೆಸ್ಸಿನಲ್ಲಿ ಪ್ರೂಫ್ ಒಯ್ಯಲು ಕೊಂಡ ಗಾಡಿಯ ಮೋಟಾರು 14 ತಿಂಗಳಿಗೇ ಕೆಟ್ಟಿತು. 38 ದಿನ ಸರ್ವೀಸ್ ಸೆಂಟರಿನ ಮೂಲೆಯಲ್ಲಿ ಧೂಳು ತಿಂದಿತು. ಕೇಳಿದಾಗಲೆಲ್ಲ "ಪಾರ್ಟ್ ಬಂದಿಲ್ಲ ಸಾರ್" ಎಂಬ ಒಂದೇ ಮಂತ್ರ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡಕ್ಕೆ ಯಾವುದು ಒತ್ತಬೇಕೋ ಇನ್ನೂ ಗೊತ್ತಾಗಿಲ್ಲ! ಕಂಪನಿಯ ಹೆಸರು ಇಲ್ಲಿ ಬೇಡ. ಈ ರೋಗ ಒಂದೇ ಮನೆಯದಲ್ಲ.

ಎಷ್ಟು ದೊಡ್ಡ ರೋಗ? ಓಲಾ ಎಲೆಕ್ಟ್ರಿಕ್ ಒಂದರ ಮೇಲೆಯೇ 2023ರ ಸೆಪ್ಟೆಂಬರಿನಿಂದ 2024ರ ಆಗಸ್ಟಿನವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರು ಬಂದವು. ಅದರಲ್ಲಿ 3,364 ದೂರು ರಿಪೇರಿ ತಡವಾಗುವುದರ ಬಗ್ಗೆಯೇ. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಶೇಕಡ 99.1 ದೂರು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೆಣ್ಣುಮಗಳೊಬ್ಬಳು ತನ್ನ ಗಾಡಿಗೆ ಕನ್ನಡದಲ್ಲೇ ಬೋರ್ಡು ತಗುಲಿಸಿ, ಇದನ್ನು ಕೊಳ್ಳಬೇಡಿ ಎಂದು ಕನ್ನಡಿಗರನ್ನು ಎಚ್ಚರಿಸಿದಳು. ಕಲಬುರಗಿಯಲ್ಲಿ 26 ವರ್ಷದ ಹುಡುಗನೊಬ್ಬ ಹೊಸ ಗಾಡಿ ಪದೇಪದೇ ಕೆಟ್ಟಿತೆಂದು ರೋಸಿಹೋಗಿ ಶೋರೂಮಿಗೇ ಬೆಂಕಿ ಇಟ್ಟ. ಏನಾಯಿತು? ಪೊಲೀಸರು ಹಿಡಿದುಕೊಂಡು ಹೋದದ್ದು ಅವನನ್ನೇ. ಗೆಳೆಯರೇ, ಬೆಂಕಿ ಹಚ್ಚುವುದು ದಾರಿಯಲ್ಲ. ಆದರೆ ಆ ಹುಡುಗ ಅಲ್ಲಿಯವರೆಗೆ ಹೋಗಿದ್ದು ಯಾಕೆ ಎಂದು ಯಾರೂ ಕೇಳದಿದ್ದರೆ ಅದು ಇನ್ನೂ ದೊಡ್ಡ ತಪ್ಪು.

ಮೂಲ ಎಲ್ಲಿದೆ ನೋಡಿ. ಪೆಟ್ರೋಲ್ ಗಾಡಿ ಕೆಟ್ಟರೆ ಜೆ.ಸಿ. ರಸ್ತೆಗೆ ಹೋಗಿ ಪಾರ್ಟ್ ತರುತ್ತೀರಿ, ಬೀದಿಯ ಮೆಕ್ಯಾನಿಕ್ ಸಂಜೆಯೊಳಗೆ ಕೂರಿಸುತ್ತಾನೆ. ಎಲೆಕ್ಟ್ರಿಕ್ ಮೋಟಾರು ದೇವಲೋಕದಿಂದ ಇಳಿದದ್ದೇನಲ್ಲ. ತಾಮ್ರದ ಸುರುಳಿ, ಆಯಸ್ಕಾಂತ, ಎರಡು ಬೇರಿಂಗ್, ತಿರುಗುವಿಕೆ ತಿಳಿಸುವ ಪುಟ್ಟ ಸೆನ್ಸರ್, ಇಷ್ಟೇ. ಸೀಲ್ ಸವೆದು ನೀರು ಹೊಕ್ಕರೆ ಬೇರಿಂಗ್ ತುಕ್ಕು ಹಿಡಿಯುತ್ತದೆ, ಸೆನ್ಸರ್ ಸಾಯುತ್ತದೆ. ಬಿಚ್ಚಿ ಬದಲಾಯಿಸಿದರೆ ಕೆಲವು ನೂರು ರೂಪಾಯಿಯ ಸಾಮಾನು. ಆದರೆ ಕಂಪನಿ ಬಿಡಿಭಾಗ ಹೊರಗೆ ಮಾರುವುದಿಲ್ಲ, ಇಡೀ ಮೋಟಾರೇ ಬದಲಾಯಿಸಿ ಎನ್ನುತ್ತದೆ. ಹೇಗೋ ಪಾರ್ಟ್ ಸಿಕ್ಕಿತು ಎನ್ನಿ, ಕಂಪನಿಯ ಕಂಪ್ಯೂಟರ್ ಒಪ್ಪಿಗೆ ಕೊಡದೆ ಗಾಡಿ ಚಾಲೂ ಆಗದಂತೆ ಸಾಫ್ಟ್‌ವೇರ್ ಬೀಗ ಬೇರೆ! ಗಾಡಿ ನಿಮ್ಮದು, ಬೀಗದ ಕೈ ಅವರದು. ಇದನ್ನು ಕೊಂಡದ್ದು ಎನ್ನುತ್ತಾರೋ, ಬಾಡಿಗೆಗೆ ತಂದದ್ದು ಎನ್ನುತ್ತಾರೋ?

ಪ್ರೆಸ್ಸುಗಳಿಗೆ ಸೆಕೆಂಡ್ ಹ್ಯಾಂಡ್ ಆಗಿ ಬರುವ ಹಳೆಯ ಜರ್ಮನ್ ಆಫ್‌ಸೆಟ್ ಮೆಷಿನ್ ನೋಡಿ. ಅದರ ಪುಸ್ತಕದಲ್ಲಿ ಒಂದೊಂದು ಬೋಲ್ಟಿಗೂ ನಂಬರ್ ಇದೆ. ಗೇರು ಮುರಿದರೆ ಪೀಣ್ಯದಲ್ಲಿ ಲೇತ್ ಇಟ್ಟುಕೊಂಡವನು ಮಾಡಿಕೊಡುತ್ತಾನೆ. ಅದಕ್ಕೇ ಮಾಡಿದ ಕಂಪನಿಯಿಂದ ಸಾವಿರಾರು ಮೈಲಿ ದೂರದಲ್ಲೂ ಆ ಮೆಷಿನ್ ಇನ್ನೂ ಅನ್ನ ಹಾಕುತ್ತಿದೆ. ಯಂತ್ರವನ್ನು ಬದುಕಿಸುವುದು ವಾರಂಟಿಯ ವರ್ಷಗಳಲ್ಲ, ಬಿಚ್ಚುವ ಕೈ ಮತ್ತು ಸಿಗುವ ಪಾರ್ಟು.

ಸುರಕ್ಷತೆಗಾಗಿ ಬೀಗ ಹಾಕಿದ್ದೇವೆ ಎಂದು ಕಂಪನಿಗಳು ರಾಗ ಎಳೆಯುತ್ತವೆ. 2022ರಲ್ಲಿ ಸ್ಕೂಟರುಗಳು ಹೊತ್ತಿ ಉರಿದದ್ದು ನಿಜ, ಬ್ಯಾಟರಿ ಆಟದ ಸಾಮಾನಲ್ಲ ಎಂಬುದೂ ನಿಜ. ಹಾಗಾದರೆ ಕಲಿಸಿ! ಗ್ಯಾಸ್ ಆಟೋ ಬಂದಾಗ ನಮ್ಮ ಮೆಕ್ಯಾನಿಕ್ಕುಗಳು ಕಲಿಯಲಿಲ್ಲವೇ? ಕನ್ನಡದಲ್ಲಿ ಕೈಪಿಡಿ ಕೊಟ್ಟು ತರಬೇತಿ ಕೊಟ್ಟರೆ ಐಟಿಐ ಮುಗಿಸಿದ ನಮ್ಮ ಹುಡುಗರಿಗೂ ಅನ್ನ, ನಿಮ್ಮ ಗಾಡಿಗೂ ಜೀವ.

ಈ ಗಾಡಿಗಳ ಹಿಂದೆ ನಿಮ್ಮ ತೆರಿಗೆ ಹಣವೂ ಇದೆ, ಮರೆಯಬೇಡಿ. ಬಸ್ಸು, ಆಟೋ, ಸ್ಕೂಟರ್ ಎಲ್ಲ ಸೇರಿ 2019ರಲ್ಲಿ ಫೇಮ್ ಎರಡನೇ ಹಂತಕ್ಕೆ ಕೇಂದ್ರ ಇಟ್ಟದ್ದು 10,000 ಕೋಟಿ ರೂಪಾಯಿ. 2024ರ ಪಿಎಂ ಇ-ಡ್ರೈವ್ ಯೋಜನೆಗೆ 10,900 ಕೋಟಿ. ಸಬ್ಸಿಡಿ ಪಡೆಯುವಾಗ ಜನರ ಹಣ ಬೇಕು, ಸರ್ವೀಸ್ ಕೊಡುವಾಗ ಜನ ಬೇಡವೇ?

ಯುರೋಪಿನಲ್ಲಿ ಬೆಟ್ಟ ಹತ್ತುವ ಎಲೆಕ್ಟ್ರಿಕ್ ಸೈಕಲ್ ಕೊಂಡವರಿಗೂ ಇದೇ ಗೋಳು: ವಾರಂಟಿ ಮುಗಿದ ಮೇಲೆ ಮೋಟಾರು ಕೆಟ್ಟರೆ ಇಡೀ ಮೋಟಾರಿಗೇ ಹಣ ಸುರಿಯಬೇಕು. ಅಲ್ಲಿ ಕನಿಷ್ಠ ಬ್ಯಾಟರಿಯ ಮಟ್ಟಿಗಾದರೂ ಕಾನೂನು ಬಂತು. 2023ರ ಯುರೋಪಿಯನ್ ಒಕ್ಕೂಟದ ಬ್ಯಾಟರಿ ಕಾನೂನಿನ ಪ್ರಕಾರ, 2027ರ ಫೆಬ್ರುವರಿ 18ರಿಂದ ಇಂಥ ಸೈಕಲ್ಲು, ಸ್ಕೂಟರುಗಳ ಬ್ಯಾಟರಿಯನ್ನು ಕಂಪನಿಯ ಹೊರಗಿನ ಮೆಕ್ಯಾನಿಕ್ಕೂ ಬದಲಾಯಿಸುವಂತಿರಬೇಕು. ಅದನ್ನು ತಡೆಯಲು ಸಾಫ್ಟ್‌ವೇರ್ ಬೀಗ ಹಾಕುವಂತಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿಗೆ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಪೋರ್ಟಲ್ ನೋಡಿದರೆ ಮೋಟಾರು ತಿರುಗುತ್ತದೆಯೇ? ಕಡ್ಡಾಯ ಮಾಡುವ ಕಾನೂನು ಬೇಕು. 2017ರಲ್ಲೇ ದೇಶದಲ್ಲಿ ಮೊದಲು ವಿದ್ಯುತ್ ವಾಹನ ನೀತಿ ತಂದೆವೆಂದು ಬೆನ್ನು ತಟ್ಟಿಕೊಳ್ಳುವ ಕರ್ನಾಟಕ ಸರ್ಕಾರ ಇದರಲ್ಲೂ ಮೊದಲು ದನಿ ಎತ್ತಲಿ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಡಿ. ಗಾಡಿ ಬಿಟ್ಟ ದಿನವೇ ತಾರೀಖು ಹಾಕಿದ ಜಾಬ್ ಕಾರ್ಡ್ ಕೇಳಿ ಪಡೆಯಿರಿ. ಬಾಯಿಮಾತು ನಂಬಬೇಡಿ, ದೂರು ಬರಹದಲ್ಲಿರಲಿ. 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ. ಗಡುವು 2 ವರ್ಷ, ನೆನಪಿರಲಿ!

ಒಬ್ಬ ಕೂಗಿದರೆ ಗಲಾಟೆ ಎನ್ನುತ್ತಾರೆ. ಒಂದೇ ಬಡಾವಣೆಯ ಇಪ್ಪತ್ತು ಮಂದಿ ಜಾಬ್ ಕಾರ್ಡ್ ಹಿಡಿದು ಒಟ್ಟಿಗೆ ಹೋದರೆ ಮ್ಯಾನೇಜರ್ ಎದ್ದು ನಿಲ್ಲುತ್ತಾನೆ. ಮುಂದಿನ ಗಾಡಿ ಕೊಳ್ಳುವ ಮುನ್ನ ಶೋರೂಮಿನಲ್ಲಿ ಮೈಲೇಜ್ ಕೇಳುವುದಕ್ಕಿಂತ ಮೊದಲು ಮೂರು ಪ್ರಶ್ನೆ ಕೇಳಿ. ಪಾರ್ಟು ಹೊರಗೆ ಸಿಗುತ್ತದೆಯೇ? ನಮ್ಮ ಬೀದಿಯ ಮೆಕ್ಯಾನಿಕ್ ಬಿಚ್ಚಬಹುದೇ? ವಾರಂಟಿಯ ಷರತ್ತು ಕನ್ನಡದಲ್ಲಿ ಇದೆಯೇ? ಮೂರಕ್ಕೂ ಇಲ್ಲ ಎಂದರೆ ಗಾಡಿ ಅಲ್ಲೇ ಇರಲಿ, ನಿಮ್ಮ ದುಡ್ಡು ನಿಮ್ಮ ಜೇಬಿನಲ್ಲಿರಲಿ!