ರಾಣಿ ಸಿಕ್ಕಳೇ? ಇನ್ನು ಸುಮ್ಮನಿರಿ

ಮುಂಗಾರಿನ ಮೊದಲ ಜೋರು ಮಳೆ ಬಿದ್ದ ಸಂಜೆ ನಮ್ಮ ಹಾಸ್ಟೆಲ್ ಕಾರಿಡಾರಿನ ಟ್ಯೂಬ್‌ಲೈಟ್ ಕೆಳಗೆ ನೆಲವೆಲ್ಲ ರೆಕ್ಕೆ. ಅವುಗಳ ನಡುವೆ ಗೋಡೆಯಂಚು ಹಿಡಿದು ದೊಡ್ಡ ಇರುವೆಯೊಂದು ಒಂಟಿಯಾಗಿ ಓಡುತ್ತಿರುತ್ತದೆ. ಅದನ್ನು ಹಿಡಿದು ಬಾಟಲಿಗೆ ಹಾಕಿ, ‘ನನ್ನ ರಾಣಿ’ ಎಂದು ಸ್ಟೇಟಸ್ ಹಾಕುವವರು ಈಗ ನಮ್ಮ ವಯಸ್ಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ಹಿಡಿದವನೇ. ಹಾಗಾಗಿ ಹಿಡಿಯಲೇಬೇಡಿ ಎಂದು ಹೇಳುವ ಯೋಗ್ಯತೆ ನನಗಿಲ್ಲ. ನನ್ನ ತಕರಾರು ಇರುವುದು ಹಿಡಿದ ಮೇಲೆ ನಾವು ತೋರಿಸುವ ಅತಿ ಪ್ರೀತಿಯ ಬಗ್ಗೆ.

ನಾನು ಹಿಡಿದ ಮೊದಲ ರಾಣಿ ಹನ್ನೊಂದು ದಿನಕ್ಕೆ ಸತ್ತಳು. (ಇರುವೆಯನ್ನು ‘ಅದು’ ಅನ್ನಬೇಕು, ಗೊತ್ತು. ರಾಣಿ ಅಂದಮೇಲೆ ‘ಅವಳು’ ಎಂದೇ ಬಾಯಿಗೆ ಬರುತ್ತದೆ.) ಹಸಿದಿರಬಹುದು ಎಂದು ಸಕ್ಕರೆ ನೀರು ಇಟ್ಟೆ, ಮೆಸ್ಸಿನಿಂದ ಅನ್ನದ ಅಗುಳು ತಂದು ಹಾಕಿದೆ. ಬೆಳಿಗ್ಗೆ ಎದ್ದ ತಕ್ಷಣ ಒಮ್ಮೆ, ಮಲಗುವ ಮುಂಚೆ ಒಮ್ಮೆ ಮೊಬೈಲ್ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಪಕ್ಕದ ರೂಮಿನವರು ಬಂದಾಗ ಬಾಟಲಿ ಕೈಯಿಂದ ಕೈಗೆ ದಾಟುತ್ತಿತ್ತು. ನಾಲ್ಕನೇ ದಿನ ಇಟ್ಟಿದ್ದ ಮೊಟ್ಟೆಗಳು ಆರನೇ ದಿನ ಕಾಣಲಿಲ್ಲ, ಅವಳೇ ತಿಂದಿದ್ದಳು. ಆಮೇಲೆ ಅಗುಳಿಗೆ ಬೂಷ್ಟು ಬಂತು. ಅವಳನ್ನು ಕೊಂದದ್ದು ನನ್ನ ಉಪಚಾರ.

ಆಮೇಲೆ ಓದಿದಾಗ ಗೊತ್ತಾಯಿತು, ಗೊದ್ದ ಅಥವಾ ಕಟ್ಟಿರುವೆ ಎಂದು ನಾವು ಕರೆಯುವ ದೊಡ್ಡ ಕಪ್ಪು ಇರುವೆಯ (ಕ್ಯಾಂಪೊನೋಟಸ್ ಕಂಪ್ರೆಸಸ್) ರಾಣಿ ಊಟ ಕಟ್ಟಿಕೊಂಡೇ ಬಂದಿರುತ್ತಾಳೆ. ಬದುಕಿನಲ್ಲಿ ಒಮ್ಮೆ ಮಾತ್ರ ಹಾರಿ, ಗಂಡಿನೊಡನೆ ಕೂಡಿ, ನೆಲಕ್ಕಿಳಿದು ತನ್ನ ರೆಕ್ಕೆ ತಾನೇ ಕಿತ್ತು ಹಾಕುತ್ತಾಳೆ. ಇನ್ನು ಬೇಡವಾದ ಆ ಹಾರಾಟದ ಸ್ನಾಯುಗಳು ಮೈಯೊಳಗೇ ಕರಗುತ್ತವೆ. ಅದರಿಂದಲೂ ಹೊಟ್ಟೆಯ ಕೊಬ್ಬಿನಿಂದಲೂ ಮೊಟ್ಟೆಯಾಗುತ್ತದೆ, ಮರಿಹುಳುಗಳಿಗೆ ಬಾಯಿಂದ ಬಾಯಿಗೆ ಕೊಡುವ ಆಹಾರವಾಗುತ್ತದೆ. ಮೊದಲ ಕೆಲಸಗಾರ್ತಿಯರು ಹೊರಬರುವವರೆಗೆ, ಅಂದರೆ ಸುಮಾರು ಒಂದೂವರೆ ತಿಂಗಳು, ಹೊರಗಿನಿಂದ ಒಂದು ಕಾಳೂ ಬೇಡ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಬ್ಯಾಟರಿ ಫುಲ್ ಇರುತ್ತದೆ, ಚಾರ್ಜರ್ ಹಿಡಿದು ಹಿಂದೆ ಓಡುವವರು ನಾವು. ಪ್ರತಿ ಸಲ ಅಲುಗಾಡಿಸಿದಾಗಲೂ, ಬೆಳಕು ಬಿಟ್ಟಾಗಲೂ ಜಾಗ ಅಪಾಯದ್ದು ಎಂದು ಅವಳಿಗೆ ಅನ್ನಿಸುತ್ತದೆ. ಅಂಥ ಜಾಗದಲ್ಲಿ ಮಕ್ಕಳನ್ನು ಬೆಳೆಸುವ ಬದಲು ಮೊಟ್ಟೆಯನ್ನೇ ತಿಂದು ಶಕ್ತಿ ಉಳಿಸಿಕೊಳ್ಳುತ್ತಾಳೆ.

ಹಾಗಾಗಿ ಅವಳಿಗೆ ಬೇಕಾದ ಮನೆ ತುಂಬ ಬಡ ಮನೆ. ಒಂದು ಟೆಸ್ಟ್ ಟ್ಯೂಬ್. ಮೂರನೇ ಒಂದು ಭಾಗ ನೀರು. ನೀರಿಗೆ ತಾಗುವ ಹಾಗೆ ಒಳಗೆ ತಳ್ಳಿದ ಹತ್ತಿ. ಅವಳು ಒಳಗೆ ಹೋದ ಮೇಲೆ ಬಾಯಿಗೆ ಇನ್ನೊಂದು ಒಣ ಹತ್ತಿ, ಅದರ ಮೂಲಕ ಗಾಳಿಯಾಡುತ್ತದೆ. ಒಳಗಿನ ಹತ್ತಿ ಬಿಗಿಯಾಗಿರಲಿ, ಸಡಿಲವಾದರೆ ನೀರು ನುಗ್ಗಿ ಅವಳು ಮುಳುಗುತ್ತಾಳೆ. ಕತ್ತಲೆ ಡಬ್ಬಿ, ಅಲುಗಾಡದ ಮೂಲೆ. ಇಷ್ಟೇ. ಇದಕ್ಕಾಗಿ ಆನ್‌ಲೈನಿನಲ್ಲಿ ಅಕ್ರಿಲಿಕ್ ಅರಮನೆ ತರಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ಒಬ್ಬಳೇ ಇರುವ ರಾಣಿಗೆ ಅಷ್ಟು ದೊಡ್ಡ ಜಾಗ ಅಪಾಯವೇ ಹೊರತು ವೈಭವ ಅಲ್ಲ.

ಸುಮ್ಮನಿರುವ ಮೊದಲು ಮಾಡಬೇಕಾದ ಒಂದು ಕೆಲಸ ಇದೆ, ಅದನ್ನೇ ನಾವು ಮಾಡುವುದಿಲ್ಲ. ಹಿಡಿದದ್ದು ಏನು ಎಂದು ನೋಡುವುದು. ನಮ್ಮ ವಿಂಗಿನ ಹುಡುಗನೊಬ್ಬ ಒಂದು ವಾರ ಸಾಕಿದ ‘ರಾಣಿ’ ಗೆದ್ದಲಿನ ಈಸಲು ಹುಳುವಾಗಿತ್ತು. ಗೆದ್ದಲಿಗೆ ಸೊಂಟವಿಲ್ಲ, ಮೀಸೆ ನೆಟ್ಟಗೆ ಮಣಿ ಪೋಣಿಸಿದಂತೆ, ನಾಲ್ಕೂ ರೆಕ್ಕೆ ಒಂದೇ ಅಳತೆ. ಇರುವೆಗೆ ಸಣ್ಣ ಸೊಂಟ, ಮೊಣಕೈಯಂತೆ ಬಾಗಿದ ಮೀಸೆ, ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ. ಇನ್ನು ರೆಕ್ಕೆಯಿದ್ದ ಇರುವೆಯೆಲ್ಲ ರಾಣಿಯಲ್ಲ. ಸಣ್ಣ ತಲೆ, ಬಡಕಲು ಮೈಯಾದರೆ ಅದು ಗಂಡು, ಕೆಲವೇ ದಿನದ ಜೀವ. ರಾಣಿಯ ಎದೆ ಜಿಮ್ಮಿಗೆ ಹೋದವರ ಹಾಗೆ ಉಬ್ಬಿರುತ್ತದೆ, ಹೊಟ್ಟೆ ದಪ್ಪ, ರೆಕ್ಕೆ ಕಳಚಿದ್ದರೆ ಎದೆಯ ಪಕ್ಕದಲ್ಲಿ ಅದರ ಗುರುತು ಕಾಣುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ ನೆತ್ತಿಯ ಮೇಲೆ ಮೂರು ಚುಕ್ಕಿ ಕಣ್ಣು. ಗೊದ್ದದ ಕೆಲಸಗಾರ್ತಿಗೆ, ಅದು ಎಷ್ಟೇ ದೊಡ್ಡ ತಲೆಯದಾಗಿರಲಿ, ಆ ಚುಕ್ಕಿಗಳಿಲ್ಲ.

ಜಾತಿ ಗೊತ್ತಾಗದೆ ಆರೈಕೆ ಗೊತ್ತಾಗುವುದಿಲ್ಲ ಎನ್ನುವುದಕ್ಕೆ ನಮ್ಮ ಕರ್ನಾಟಕದ ಇರುವೆಗಳೇ ಸಾಕ್ಷಿ. ಮಲೆನಾಡಿನವರು ಚಟ್ನಿ ಮಾಡುವ ಚಗಳಿಯ ರಾಣಿಗೆ ಹಸಿರು ಛಾಯೆ, ಅವಳು ಮರದ ಎಲೆಯಲ್ಲಿ ಸಂಸಾರ ಹೂಡುವವಳು. ಉದ್ದ ದವಡೆಯ, ನೆಗೆಯುವ ಇರುವೆ ಹಾರ್ಪೆಗ್ನಾಥೋಸ್‌ನ ರಾಣಿ ಗೂಡು ಕಟ್ಟಿದ ಮೇಲೂ ಬೇಟೆಗೆ ಹೊರಡುತ್ತಾಳೆ, ಅವಳನ್ನು ಊಟವಿಲ್ಲದೆ ಮುಚ್ಚಿಟ್ಟರೆ ಸಾಯುತ್ತಾಳೆ. ಡಯಾಕಾಮ ಎಂಬ ಇರುವೆಯಲ್ಲಂತೂ ರಾಣಿ ಎಂಬ ಜಾತಿಯೇ ಇಲ್ಲ, ಕೆಲಸಗಾರ್ತಿಯರಲ್ಲೇ ಒಬ್ಬಳು ಮೊಟ್ಟೆಯಿಡುವ ಹಕ್ಕು ಹಿಡಿದಿರುತ್ತಾಳೆ. ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ 2006ರಲ್ಲಿ ತಂದ ದಕ್ಷಿಣ ಭಾರತದ ಇರುವೆಗಳ ಕೈಪಿಡಿಯಂಥದ್ದನ್ನು ನೋಡಿ ಗುರುತಿಸಲು ಕಲಿಯಬಹುದು. ಆಗಲಿಲ್ಲವೇ? ಅದೇ ರಾತ್ರಿ, ಹಿಡಿದ ಜಾಗದಲ್ಲೇ ಬಿಟ್ಟುಬಿಡಿ.

ಇದಕ್ಕೆ ನನ್ನ ರೂಮ್‌ಮೇಟ್ ಹೇಳುವುದು ಬೇರೆ. ‘ಲೇ, ಬಿಟ್ಟಿದ್ರೆ ಹಲ್ಲಿಗೆ ಊಟ ಆಗ್ತಿದ್ಳು. ನೀನು ಉಳ್ಸಿದೀಯ ಕಣೋ, ಯಾಕೆ ಅಷ್ಟು ತಲೆ ಕೆಡಿಸ್ಕೊಳ್ತೀಯ?’ ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಹಾರಿದ ರಾಣಿಯರಲ್ಲಿ ಬಹುಪಾಲು ಹಕ್ಕಿ, ಹಲ್ಲಿ, ಕಪ್ಪೆ, ಬೇರೆ ಇರುವೆಗಳ ಪಾಲಾಗುತ್ತಾರೆ. ಆದರೆ ನಾನು ಹಿಡಿದದ್ದು ಅವಳನ್ನು ಉಳಿಸಲು ಅಲ್ಲ, ನೋಡುವ ಆಸೆಗೆ. ಅದನ್ನು ಒಪ್ಪಿಕೊಂಡರೆ ಒಬ್ಬಳು ಸಾಕು ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ‘ಉಳಿಸುತ್ತಿದ್ದೇನೆ’ ಎಂದುಕೊಂಡರೆ ಇಪ್ಪತ್ತು ಹಿಡಿದರೂ ಸಾಲದು.

ಆ ಆಸೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು 2025ರಲ್ಲಿ ಕೀನ್ಯಾದಲ್ಲಿ ಕಂಡಿತು. ನೈವಾಶಾ ಊರಿನ ವಸತಿಗೃಹವೊಂದರಲ್ಲಿ ಹದಿಹರೆಯದ ಇಬ್ಬರು ಬೆಲ್ಜಿಯಂ ಹುಡುಗರ ಬಳಿ ಸುಮಾರು 5,000 ರಾಣಿ ಇರುವೆಗಳು ಸಿಕ್ಕವು. ಬೀಜ ಕೂಡಿಡುವ ಆಫ್ರಿಕಾದ ದೊಡ್ಡ ಇರುವೆ ಅದು, ಸಾಕುವ ಹವ್ಯಾಸದವರಲ್ಲಿ ಒಳ್ಳೆಯ ಬೆಲೆ ಇದೆ. ಮೇ ತಿಂಗಳಲ್ಲಿ ಅಲ್ಲಿನ ನ್ಯಾಯಾಲಯ ತಲಾ ಹತ್ತು ಲಕ್ಷ ಶಿಲ್ಲಿಂಗ್ ದಂಡ ಹಾಕಿತು, ಕಟ್ಟದಿದ್ದರೆ ಒಂದು ವರ್ಷ ಜೈಲು. ಅವರು ಅವುಗಳನ್ನು ಇಟ್ಟಿದ್ದು ಯಾವುದರಲ್ಲಿ ಗೊತ್ತೇ? ಎರಡು ಸಾವಿರಕ್ಕೂ ಹೆಚ್ಚು ಟ್ಯೂಬ್‌ಗಳಲ್ಲಿ, ಹತ್ತಿ ತುರುಕಿ. ನನ್ನ ಮಂಚದ ಕೆಳಗಿರುವ ಅದೇ ವ್ಯವಸ್ಥೆ. ಸುದ್ದಿ ಓದಿದ ದಿನ ನನಗೆ ಸ್ವಲ್ಪ ಮುಜುಗರವಾಯಿತು. ಅಂದಿನಿಂದ ನನ್ನ ನಿಲುವು ಗಟ್ಟಿಯಾಗಿದೆ. ದುಡ್ಡು ಕೊಟ್ಟು ರಾಣಿ ತರಿಸಬಾರದು, ಬೇರೆ ಊರಿನದನ್ನಂತೂ ತರಲೇಬಾರದು. ಮನುಷ್ಯರ ಸಾಮಾನಿನೊಂದಿಗೆ ಕ್ರಿಸ್ಮಸ್ ದ್ವೀಪ ಸೇರಿದ ಹಳದಿ ಕ್ರೇಜಿ ಇರುವೆ ಅಲ್ಲಿನ ಕೋಟ್ಯಂತರ ಕೆಂಪು ಏಡಿಗಳನ್ನು ಕೊಂದಿದೆ. ನಮ್ಮ ಶೋಕಿಯ ಟ್ಯೂಬ್ ಒಡೆದರೆ ಆಗುವುದೂ ಅದೇ ಜಾತಿಯ ಅನಾಹುತ.

ಎರಡನೆಯವಳು ಸಿಕ್ಕಿದ್ದು ಹಾಸ್ಟೆಲ್ ಗೇಟಿನ ಬೇವಿನ ಮರದ ಬುಡದಲ್ಲಿ. ಶೂ ಡಬ್ಬಿಯಲ್ಲಿಟ್ಟು, ಭಾನುವಾರ ಮಾತ್ರ ಅರ್ಧ ನಿಮಿಷ ನೋಡುವುದು ಎಂದು ನಿಯಮ ಮಾಡಿಕೊಂಡೆ. ಇಂಟರ್ನಲ್ಸ್ ಓದುವಾಗ ಕೂಡ ಇಷ್ಟು ಶಿಸ್ತು ಇರಲಿಲ್ಲ. ಅವಳು ಗಂಡಿನೊಡನೆ ಕೂಡಿದವಳೋ ಇಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ. ಕೂಡದ ರಾಣಿಯೂ ಕೆಲವೊಮ್ಮೆ ರೆಕ್ಕೆ ಕಳಚುತ್ತಾಳೆ, ಮೊಟ್ಟೆಯನ್ನೂ ಇಡುತ್ತಾಳೆ, ಅದರಿಂದ ಹುಟ್ಟುವುದು ಗಂಡು ಮಾತ್ರ. ನಲವತ್ತನಾಲ್ಕನೇ ದಿನ ಒಂದು ಪುಟ್ಟ ಕೆಲಸಗಾರ್ತಿ, ಹೊರಗಿನ ಗೊದ್ದದ ಅರ್ಧದಷ್ಟೂ ಇಲ್ಲದ್ದು, ರಾಣಿಯ ಪಕ್ಕ ನಿಂತಿತ್ತು. ಆಗಷ್ಟೇ ಮೊದಲ ಸಲ ಒಂದು ಹನಿ ಸಕ್ಕರೆ ನೀರು ಕೊಟ್ಟೆ.

ಈಗ ನನ್ನ ಚಿಂತೆ ಬೇರೆ. ಕಪ್ಪು ತೋಟದಿರುವೆ ಎಂಬ ಯುರೋಪಿನ ಜಾತಿಯ ರಾಣಿಯೊಬ್ಬಳು ಸಾಕಿದವರ ಬಳಿ ಇಪ್ಪತ್ತೆಂಟು ವರ್ಷ ದಾಟಿ ಬದುಕಿದ ದಾಖಲೆ ಇದೆ. ನಮ್ಮ ಗೊದ್ದದ ರಾಣಿ ಅಷ್ಟು ಬದುಕಬೇಕೆಂದಿಲ್ಲ, ಆದರೂ ವರ್ಷಗಟ್ಟಲೆ ಇರುವವಳು. ನನ್ನ ಬಿಇ ಇನ್ನು ಎರಡೇ ವರ್ಷ. ಆಮೇಲೆ ಪುಣೆಯೋ ಹೈದರಾಬಾದೋ, ಪಿಜಿಯೋ ಗೊತ್ತಿಲ್ಲ. ನಾಯಿ ತರುವ ಮೊದಲು ಇದನ್ನೆಲ್ಲ ಯೋಚಿಸುತ್ತೇವೆ, ಇರುವೆಗೆ ಯಾರು ಯೋಚಿಸುತ್ತಾರೆ? ಮುಂದಿನ ಮುಂಗಾರಿಗೆ, ಕೆಲಸಗಾರ್ತಿಯರು ನೂರರ ಹತ್ತಿರವಾದಾಗ, ಅದೇ ಬೇವಿನ ಬುಡದಲ್ಲಿ ಟ್ಯೂಬ್ ಬಿಚ್ಚಿಡುವುದು ಎಂದು ತೀರ್ಮಾನಿಸಿದ್ದೇನೆ. ಅಲ್ಲಿ ಮೊದಲೇ ಇರುವ ಗೊದ್ದಗಳು ಬಿಡುತ್ತವೋ ಇಲ್ಲವೋ ಎಂಬ ಭಯವಿದೆ, ಆದ್ದರಿಂದ ಗೂಡಿಲ್ಲದ ಕಡೆ ಹುಡುಕಿಟ್ಟಿದ್ದೇನೆ.

ಮೊನ್ನೆ ಭಾನುವಾರ ಡಬ್ಬಿ ತೆರೆದೆ. ಒಂಬತ್ತು ಕೆಲಸಗಾರ್ತಿಯರು, ಮೂಲೆಯಲ್ಲಿ ಒಂದು ಮುದ್ದೆ ಮೊಟ್ಟೆ. ಹೊಡೆದಿಟ್ಟಿದ್ದ ಸೊಳ್ಳೆಯೊಂದನ್ನು ಒಳಗೆ ಹಾಕಿ, ಹತ್ತಿ ಒತ್ತಿ, ಮಂಚದ ಕೆಳಗೆ ತಳ್ಳಿದೆ. ರೂಮ್‌ಮೇಟ್ ‘ತೋರ್ಸೋ’ ಅಂದ. ಮುಂದಿನ ಭಾನುವಾರ ಎಂದೆ.