ಪಿಸ್ತೂಲು ಪರ್ಸಿಗಲ್ಲ, ಕೈಗೆ ಹೊಂದಬೇಕು

ಇಲ್ಲೆ ಟೆಕ್ಸಾಸ್‌ನ್ಯಾಗ ನಮ್ಮ ಹೆಣ್ಣುಮಕ್ಕಳು ನಾಕು ಮಂದಿ ಕೂಡಿದ್ರ, ಸೀರಿ, ಉಪ್ಪಿನಕಾಯಿ ಸುದ್ದಿ ಮುಗದ ಮ್ಯಾಲೆ ಈಗ ಪಿಸ್ತೂಲಿನ ಸುದ್ದಿ ಬರ್ತದ. ನಮ್ಮಂದಿ ಮನ್ಯಾಗ ಬಂಗಾರ ಇರ್ತದ ಅಂತ ಕಳ್ಳರಿಗೆ ಗೊತ್ತದ. ಅಂಗಡಿ, ಗ್ಯಾಸ್ ಸ್ಟೇಷನ್, ಮೋಟೆಲ್ ನಡಸೋ ಮನಿಯವರು ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ಗಲ್ಲಾದ ರೊಕ್ಕ ಹಿಡಕೊಂಡು ಕಾರಿನ ತನಕ ಒಬ್ಬರೇ ನಡೀಬೇಕಾಗ್ತದ. ಅಂಜಿಕಿ ಖರೆ ಅದ, ಅದನ್ನ ನಾನು ನಗಿ ಮಾತು ಅನ್ನೂದಿಲ್ಲ. ಊರಾಗಿರೋ ಅಕ್ಕಾ, ವೈನಿ, ಮಾವಶಿ, ನಿಮ್ಮ ಮಕ್ಕಳು, ಸೊಸಿಯಂದ್ರು ಇಲ್ಲೇ ಇದ್ದಾರ. ಅದಕ್ಕ ನೀವೂ ಓದ್ರಿ, ಫೋನಿನ್ಯಾಗ ಅವರಿಗೂ ಹೇಳ್ರಿ.

ಎಲ್ಲಾರೂ ಕೇಳೂ ಪ್ರಶ್ನೆ ಒಂದೇ. "ಪರ್ಸಿನ್ಯಾಗ ಹಿಡಿಯೂವಂಥಾದ್ದು, ಹಗೂರ ಇರೂವಂಥಾದ್ದು, ಯಾರಿಗೂ ಕಾಣದಂಥಾದ್ದು ಯಾವುದು ಛಲೋ?" ನನಗ ಈ ಪ್ರಶ್ನೀನ ಸರಿ ಅನಸೂದಿಲ್ಲ. ಪರ್ಸಿಗೆ ಹೊಂದೂದನ್ನ ಹುಡುಕಿದ್ರ ಹೆಣ್ಣುಮಕ್ಕಳ ಕೈಗೆ ಭಾಳ ತ್ರಾಸಿನ ಪಿಸ್ತೂಲೇ ಬಂದು ಬೀಳ್ತದ. ತಗೊಳ್ಳೂದೇ ಇದ್ರ ನಿಮ್ಮ ಕೈಗೆ ಹೊಂದೂದನ್ನ ತಗೋರಿ, ಮೈಮ್ಯಾಲೆ ಇಟ್ಟುಕೊಳ್ರಿ, ಮನ್ಯಾಗ ಕೀಲಿ ಹಾಕಿ ಇಡ್ರಿ. ಈ ಮೂರರಾಗ ಒಂದು ಆಗೂದಿಲ್ಲ ಅಂದ್ರ ತಗೊಳ್ಳಲೇ ಬ್ಯಾಡ್ರಿ. ಇದು ನನ್ನ ಅಭಿಪ್ರಾಯ. ಯಾಕ ಅಂತ ಒಂದೊಂದೇ ಹೇಳ್ತೇನಿ.

ಎಲ್ಲಾಕಿಂತ ಮೊದಲ ವೀಸಾ ನೋಡಿಕೊಳ್ರಿ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನ್ಯಾಗ 21 ವರ್ಷ ತುಂಬಿದವರು ಲೈಸೆನ್ಸ್ ಇಲ್ಲದನೂ ಪಿಸ್ತೂಲು ಹಿಡಕೊಂಡು ಅಡ್ಡಾಡಬಹುದು ಅಂತ ಕಾಯ್ದೆ ಬಂತು. "ಹಂಗಾದ್ರ ನಾವೂ ಹಿಡೀಬಹುದು" ಅಂತ ಭಾಳ ಮಂದಿ ತಿಳಕೊಂಡಾರ. ಆ ಕಾಯ್ದೆ ರಾಜ್ಯದ್ದು. ಅದರ ಮ್ಯಾಲೆ ಇಡೀ ದೇಶದ ಕಾಯ್ದೆ ಅದ. ಅದರ ಪ್ರಕಾರ ಎಚ್-1ಬಿ, ಎಚ್-4, ಎಫ್-1, ಮಕ್ಕಳನ್ನ ನೋಡಲಿಕ್ಕೆ ಬರೋ ಬಿ-2, ಇಂಥಾ ವೀಸಾದ ಮ್ಯಾಲೆ ಇದ್ದವರು ಬಂದೂಕು, ಗುಂಡು ತಮ್ಮ ಹತ್ರ ಇಟ್ಟುಕೊಳ್ಳೂದೇ ಅಪರಾಧ. ಬೇಟೆ ಲೈಸೆನ್ಸಿನಂಥಾ ಒಂದೆರಡು ವಿನಾಯಿತಿ ಅವ, ಆದ್ರ ಅದನ್ನ ವಕೀಲರ ಕಡೆ ಕೇಳದ ನಂಬಬ್ಯಾಡ್ರಿ. ಗ್ರೀನ್ ಕಾರ್ಡ್ ಇದ್ದವರಿಗೆ, ಸಿಟಿಜನ್ ಆದವರಿಗೆ ಈ ತಡೆ ಇಲ್ಲ. ಗಂಡ ಸಿಟಿಜನ್, ಹೆಂಡತಿ ಇನ್ನೂ ವೀಸಾದ ಮ್ಯಾಲೆ ಅಂಥಾ ಮನ್ಯಾಗಂತೂ ಭಾಳ ಹುಷಾರಿ ಬೇಕು. ಹತ್ತು ವರ್ಷದಿಂದ ಗ್ರೀನ್ ಕಾರ್ಡಿಗೆ ಪಾಳಿ ಹಚ್ಚಿದವರು ಒಂದು ಪಿಸ್ತೂಲಿನ ಸಲುವಾಗಿ ಅದನ್ನ ಕಳಕೋಬಾರದು.

ಇನ್ನ ಅಳತಿ ವಿಷಯ. ಅಂಗಡಿಯವರು ಕಾಂಪ್ಯಾಕ್ಟ್, ಸಬ್‌ಕಾಂಪ್ಯಾಕ್ಟ್ ಅಂತ ಹೇಳ್ತಾರ. ಗ್ಲಾಕ್ 19 ಕಾಂಪ್ಯಾಕ್ಟ್, ಮ್ಯಾಗಜಿನ್ನಿನ್ಯಾಗ 15 ಗುಂಡು. 2018ರಾಗ ಬಂದ ಸಿಗ್ ಪಿ365 ಅದಕ್ಕಿಂತ ಸಣ್ಣದು, ಸುಮಾರು ಅರ್ಧ ಕಿಲೋ ತೂಕ, 10 ಗುಂಡು. 2008ರಾಗ ಬಂದ ರೂಗರ್ ಎಲ್‌ಸಿಪಿ ಇನ್ನೂ ಸಣ್ಣದು, ತೂಕ ಸುಮಾರು 270 ಗ್ರಾಂ, ಅಂಗೈಯಾಗ ಮುಚ್ಚಿಕೊಂಡು ಹೋಗ್ತದ. ಹೆಣ್ಣುಮಕ್ಕಳು ಅಂಗಡಿ ಹೊಕ್ಕರ ಭಾಳ ಕಡೆ ತೋರಸೂದು ಈ ಸಣ್ಣದನ್ನೇ, ಅದೂ ಗುಲಾಬಿ ಬಣ್ಣದ್ದು. ನೋಡಲಿಕ್ಕೆ ಛಂದ, ರೊಕ್ಕಾನೂ ಕಡಿಮಿ.

ಆದ್ರ ಒಂದು ಮಾತು ತಿಳಕೊಳ್ರಿ. ಹಗೂರ ಒರಳಿನ್ಯಾಗ ಕುಟ್ಟಿದ್ರ ಒರಳೇ ಜಿಗೀತದ, ಭಾರ ಒರಳು ನಿಂತಲ್ಲೇ ನಿಲ್ತದ. ಪಿಸ್ತೂಲೂ ಹಂಗ. ಅದೇ ಗುಂಡನ್ನ ಹಗೂರ ಪಿಸ್ತೂಲಿನಿಂದ ಹಾರಿಸಿದ್ರ ಕೈಗೆ ಜೋರ್ ಒದೀತದ. ಹಿಡಿಕಿ ಗಿಡ್ಡ ಇರ್ತದ, ಕಿರಿಬೆರಳಿಗೆ ಜಾಗಾನ ಇರೂದಿಲ್ಲ. ನಳಿಗಿ ಗಿಡ್ಡ ಇದ್ದದ್ದಕ್ಕ ಗುರಿ ಹಿಡಿಯೂದೂ ಕಠಿಣ. ಹತ್ತು ಗುಂಡು ಹಾರಿಸೂದ್ರಾಗ ಅಂಗೈ ಉರೀತದ, ಹನ್ನೊಂದನೇದ್ದಕ್ಕ ಮನಸ್ಸು ಅಂಜತದ, ಆಮ್ಯಾಲೆ ಪ್ರ್ಯಾಕ್ಟೀಸಿಗೇ ಹೋಗೂದಿಲ್ಲ. ಪ್ರ್ಯಾಕ್ಟೀಸ್ ಇಲ್ಲದ ಪಿಸ್ತೂಲು ಕಳ್ಳನಿಗಿಂತ ಮನಿಯವರಿಗೇ ಅಪಾಯ. ಭಾಳ ಸಣ್ಣದು ಪಳಗಿದವರ ಸಾಮಾನು, ಹೊಸಬರದ್ದಲ್ಲ.

ಎರಡನೇದ್ದು, ಸ್ಲೈಡ್. ಪಿಸ್ತೂಲಿಗೆ ಮೊದಲನೇ ಗುಂಡು ಏರಸಬೇಕಾದ್ರ ಮ್ಯಾಲಿನ ಭಾಗ ಹಿಂದಕ್ಕ ಜಗ್ಗಬೇಕು. ಪಿಸ್ತೂಲು ಸಣ್ಣ ಆದಷ್ಟು ಒಳಗಿನ ಸ್ಪ್ರಿಂಗ್ ಬಿರುಸು. ನಮ್ಮ ವಯಸ್ಸಿನವರಿಗೆ ಬೆರಳ ಸಂದು ನೋವು, ಉಪ್ಪಿನಕಾಯಿ ಭರಣಿ ಮುಚ್ಚಳಾನ ಗಂಡಗ ಕೊಟ್ಟು ತೆಗಸೋ ಕಾಲ ಇದು. ಅಂಥಾವರ ಸಲುವಾಗಿನೇ ಸ್ಮಿತ್ ಆಂಡ್ ವೆಸನ್‌ನವರು 2018ರಾಗ ಶೀಲ್ಡ್ ಇಝೀ ಅಂತ ತಂದ್ರು. ಅದರ ಸ್ಲೈಡ್ ಮೆತ್ತಗ ಸರೀತದ, .380 ಗುಂಡು, ಒದೆತಾನೂ ಕಡಿಮಿ. ಅಳತಿ ಸ್ವಲ್ಪ ದೊಡ್ಡದು, ಆ ದೊಡ್ಡದಾಗಿದ್ದೇ ಅದರ ಗುಣ. ಕೆಲವರು "ರಿವಾಲ್ವರ್ ತಗೋರಿ, ಜಗ್ಗೂ ಕೆಲಸಾನ ಇಲ್ಲ" ಅಂತಾರ. ಆ ಮಾತು ಖರೆ, ಆದ್ರ ಕಿಸೇದಾಗ ಇಡೋವಂಥಾ ಐದು ಗುಂಡಿನ ಸಣ್ಣ ರಿವಾಲ್ವರಿನ ಟ್ರಿಗರ್ ಉದ್ದ, ಭಾರ. ಬೆರಳಿನ್ಯಾಗ ಕಸುವು ಇಲ್ಲಂದ್ರ ಅದನ್ನ ಒತ್ತೂದ್ರಾಗ ಗುರಿ ಅಲ್ಲಾಡಿ ಹೋಗ್ತದ. ಅದಕ್ಕ ಯಾರೋ ಹೇಳಿದ್ರು ಅಂತ ತಗೋಬ್ಯಾಡ್ರಿ. ಶೂಟಿಂಗ್ ರೇಂಜ್‌ನ್ಯಾಗ ಬಾಡಿಗಿಗೆ ಕೊಡ್ತಾರ. ಕಲಸೋವರನ್ನ ಹತ್ರ ನಿಲ್ಲಿಸಿಕೊಂಡು ಮೂರು-ನಾಕು ಥರ ಹಾರಿಸಿ ನೋಡ್ರಿ. ಸೀರಿ ತಗೊಳ್ಳುವಾಗ ಹತ್ತು ಸೀರಿ ಬಿಚ್ಚಸ್ತೀರಿ, ಇದಕ್ಕ ಯಾಕ ನಾಚಿಕಿ?

ಇನ್ನ ಪರ್ಸು. ಇದರ ಬಗ್ಗೆ ನನ್ನ ಮನಸ್ಸು ಗಟ್ಟಿ ಅದ: ಪರ್ಸಿನ್ಯಾಗ ಬ್ಯಾಡವೇ ಬ್ಯಾಡ. 2014ರ ಡಿಸೆಂಬರ್ 30ಕ್ಕ ಐಡಾಹೋ ರಾಜ್ಯದ ಹೇಡನ್ ಊರಾಗ ಒಬ್ಬ ತಾಯಿ ಮಕ್ಕಳನ್ನ ಕರಕೊಂಡು ಅಂಗಡಿಗೆ ಹೋಗಿದ್ಲು. 29 ವರ್ಷದ ಹೆಣ್ಣುಮಗಳು, ಓದಿದಾಕಿ, ವಿಜ್ಞಾನಿ, ಬಂದೂಕು ಬಳಸಿ ರೂಢಿ ಇದ್ದಾಕಿ. ಪಿಸ್ತೂಲಿನ ಸಲುವಾಗಿನೇ ಬ್ಯಾರೆ ಜಿಪ್ ಇಟ್ಟು ಮಾಡಿದ ಪರ್ಸು, ಗಂಡ ಕ್ರಿಸ್‌ಮಸ್ಸಿಗೆ ಕೊಡಿಸಿದ್ದು. ಎರಡು ವರ್ಷದ ಮಗ ತಳ್ಳೋ ಗಾಡ್ಯಾಗ ಪರ್ಸಿನ ಬಾಜೂಕ ಕೂತಿದ್ದ, ಜಿಪ್ ತಗದ, ಗುಂಡು ಹಾರ್ತು. ತಾಯಿ ಅಲ್ಲೇ ತೀರಿಕೊಂಡ್ಲು. ಈಗ ನಮ್ಮ ಪರ್ಸು ನೋಡ್ರಿ. ಚಾಕಲೇಟು, ಬಿಸ್ಕೀಟು, ಫೋನು ಎಲ್ಲಾ ಅದರಾಗೇ. ಮೊಮ್ಮಕ್ಕಳಿಗೆ ಅಜ್ಜಿ ಪರ್ಸು ಅಂದ್ರ ದೇವರ ಪ್ರಸಾದದ ಡಬ್ಬಿ ಇದ್ದಂಗ. ಗುಡಿಗೆ ಹೋದ್ರ ಮೂಲ್ಯಾಗ ಇಟ್ಟು ಆರತಿಗೆ ನಿಲ್ತೇವಿ. ಮತ್ತ ಕಳ್ಳ ಮೊದಲ ಕಸಗೊಳ್ಳೂದೇ ಪರ್ಸು. ಅವನ ಕೈಯಾಗ ನಾವೇ ಪಿಸ್ತೂಲು ಕೊಟ್ಟಂಗ ಆಗ್ತದ.

ಹಂಗಾದ್ರ ಮೈಮ್ಯಾಲೆ ಇಡಬೇಕು. ಟ್ರಿಗರ್ ಪೂರ್ತಿ ಮುಚ್ಚೂವಂಥಾ ಗಟ್ಟಿ ಹೋಲ್‌ಸ್ಟರ್ ಬೇಕು, ಅದನ್ನ ಹಿಡಿಯೋ ಗಟ್ಟಿ ಬೆಲ್ಟ್ ಬೇಕು. ಇಲ್ಲೇ ನಮಗ ತೊಡಕು. ಚೂಡಿದಾರದ ಲಾಡಿಗೆ ಹೋಲ್‌ಸ್ಟರ್ ನಿಲ್ಲೂದಿಲ್ಲ, ಜೋಲಿ ಬೀಳ್ತದ. ಸೀರಿ ನಿರಿಗ್ಯಾಗ ಇಟ್ಟುಕೊಳ್ಳೂದಂತೂ ಹುಚ್ಚುತನ. ಹೊಟ್ಟಿಗೆ ಕಟ್ಟೋ ಪಟ್ಟಿ ಸಿಗ್ತಾವ, ಆದ್ರ ಬರೇ ಮೆತ್ತನ ಅರಿವಿದು ಇದ್ರ ಟ್ರಿಗರ್ ಮ್ಯಾಲೆ ಒತ್ತು ಬೀಳ್ತದ. ಗಟ್ಟಿ ಕವಚ ಇದ್ದದ್ದೇ ಬೇಕು. ಜೀನ್ಸ್, ಬೆಲ್ಟ್, ಮ್ಯಾಲೆ ಉದ್ದನ ಅಂಗಿ ಹಾಕಿ ದಿನಾ ಅಡ್ಡಾಡೋವರಿಗೆ ಇದು ಸಾಧ್ಯ ಅದ. ನಮ್ಮಂಥಾ ಸೀರಿ, ಚೂಡಿದಾರದವರು "ಇದು ನನಗ ದಿನಾ ಆಗ್ತದೇನು" ಅಂತ ಕೇಳಿಕೊಂಡು ಆಮ್ಯಾಲೆ ಮುಂದಿನ ಮಾತು ಆಡ್ರಿ.

ಮನೀಗೆ ಬಂದ ಮ್ಯಾಲೆ ಏನು? ದಿಂಬಿನ ಕೆಳಗ, ಅಲಮಾರ್ಯಾಗ ಸೀರಿ ನಡುವ ಇಟ್ರ ಮಕ್ಕಳಿಗೆ ಸಿಗೂದಿಲ್ಲ ಅನ್ನೂದು ಸುಳ್ಳು. ದೀಪಾವಳಿಗೆ ತಂದಿಟ್ಟ ಪೇಢೆ ಎಲ್ಲೆ ಅದ ಅಂತ ಹುಡುಕೋ ಮಕ್ಕಳು ಇದನ್ನ ಬಿಡ್ತಾರೇನು? ಟೆಕ್ಸಾಸ್‌ನ್ಯಾಗ 17ರ ಒಳಗಿನವರ ಕೈಗೆ ಗುಂಡು ತುಂಬಿದ ಬಂದೂಕು ಸಿಗೋ ಹಂಗ ನಿಷ್ಕಾಳಜಿಯಿಂದ ಬಿಟ್ರ ದೊಡ್ಡವರ ಮ್ಯಾಲೆ ಕೇಸ್ ಆಗ್ತದ. ಕೀಲಿ ಇರೋ ಕಬ್ಬಿಣದ ಪೆಟ್ಟಿಗಿ ಪಿಸ್ತೂಲಿನ ಜೋಡಿನೇ ತಗೋರಿ, "ಮುಂದಿನ ತಿಂಗಳು" ಅನಬ್ಯಾಡ್ರಿ.

ಇನ್ನೊಂದು ಮಾತು ಹೇಳಲಿಕ್ಕೆ ಬಾಯಿ ಹಿಂಜರೀತದ, ಆದ್ರೂ ಹೇಳಬೇಕು. 2021ರಾಗ ಅಮೆರಿಕಾದಾಗ ಬಂದೂಕಿನಿಂದ 48,830 ಮಂದಿ ಸತ್ರು. ಅದರಾಗ 26,328 ಮಂದಿ ತಾವೇ ಹಾರಿಸಿಕೊಂಡವರು. ಅರ್ಧಕ್ಕಿಂತ ಹೆಚ್ಚು. ಕಳ್ಳನ ಸಲುವಾಗಿ ತಂದದ್ದು ಮನಿಯವರಿಗೇ ಮುಟ್ಟತದ. ಮನ್ಯಾಗ ಯಾರರೇ ಮನಸ್ಸಿಗೆ ಹಚ್ಚಿಕೊಂಡು ಕೂತಿದ್ರ, ಕೆಲಸ ಹೋಗಿದ್ರ, ಹರೇದ ಹುಡುಗ ಕೋಣಿ ಬಾಗಿಲಾ ತಗೀದ ಇದ್ರ, ಆ ಮನೀಗೆ ಪಿಸ್ತೂಲು ತರಬ್ಯಾಡ್ರಿ. "ನಮ್ಮ ಮನ್ಯಾಗ ಹಂಗೇನಿಲ್ಲ" ಅಂತ ನಾವು ಅಂತೇವಿ, ಯಾಕಂದ್ರ ಇಂಥಾದ್ದನ್ನ ಮುಚ್ಚಿಡೂದೇ ನಮಗ ರೂಢಿ.

ಊರಿಗೆ ಬರೋವರಿಗೂ ಒಂದು ಮಾತು. 2023ರಾಗ ಅಮೆರಿಕಾದ ವಿಮಾನ ನಿಲ್ದಾಣದ ತಪಾಸಣ್ಯಾಗ 6,737 ಬಂದೂಕು ಸಿಕ್ಕವು, ಹತ್ತರಾಗ ಒಂಬತ್ತಕ್ಕಿಂತ ಹೆಚ್ಚಿನವು ಗುಂಡು ತುಂಬಿದ್ದು. ರೇಂಜಿಗೆ ಒಯ್ದ ಬ್ಯಾಗಿನ ಹೊಲಿಗ್ಯಾಗ ಒಂದೇ ಒಂದು ಗುಂಡು ಉಳಿದು, ಅದೇ ಬ್ಯಾಗ್ ಹಿಡಕೊಂಡು ಭಾರತಕ್ಕ ಬಂದ್ರೂ ಲೈಸೆನ್ಸ್ ಇಲ್ಲದ ಗುಂಡು ಇಟ್ಟುಕೊಂಡಿದ್ದು ಅಂತ 1959ರ ಶಸ್ತ್ರಾಸ್ತ್ರ ಕಾಯ್ದೆ ಮ್ಯಾಲೆ ಬೀಳ್ತದ. ರೇಂಜಿನ ಬ್ಯಾಗ್ ಬ್ಯಾರೆ, ಪ್ರವಾಸದ ಬ್ಯಾಗ್ ಬ್ಯಾರೆ ಇರಲಿ.

ಊರಾಗಿನವರು "ನಮಗೂ ಇಂಥಾದ್ದು ಅದ ಅಲ್ಲಾ?" ಅಂತ ಕೇಳಬಹುದು. ಅದ. ದಿಲ್ಲಿಯ ಆ ಘಟನಾ ಆದ ಮ್ಯಾಲೆ, 2014ರಾಗ, ಕಾನಪುರದ ಕಾರ್ಖಾನ್ಯಾಗ ಹೆಣ್ಣುಮಕ್ಕಳ ಸಲುವಾಗಿ ನಿರ್ಭೀಕ್ ಅಂತ .32 ರಿವಾಲ್ವರ್ ಮಾಡಿದ್ರು. ತೂಕ ಸುಮಾರು ಅರ್ಧ ಕಿಲೋ, ಕಿಮ್ಮತ್ತು 1.2 ಲಕ್ಷದ ಮ್ಯಾಲೆ, ಮ್ಯಾಲೆ ಲೈಸೆನ್ಸಿಗೆ ಅಡ್ಡಾಡಬೇಕು. ರಾತ್ರಿ ಬಸ್ಸಿನ್ಯಾಗ ಮನೀಗೆ ಬರೋ ನರ್ಸ್ ಹುಡುಗಿ ಅಷ್ಟು ರೊಕ್ಕ ಎಲ್ಲಿಂದ ತರಬೇಕು? ಆಕಿಗೆ ಬೇಕಾದ್ದು ಬೀದಿ ದೀಪ, ವ್ಯಾಳ್ಯಾಕ್ಕ ಬರೋ ಬಸ್ಸು.

ನಮಗೂ ಹಂಗ. ಬಂಗಾರ ಬ್ಯಾಂಕ್ ಲಾಕರಿನ್ಯಾಗ ಇಟ್ರ, ಅಂಗಡಿ ಇಬ್ಬರು ಕೂಡಿ ಮುಚ್ಚಿದ್ರ, ಗಲ್ಲಾದ ರೊಕ್ಕ ದಿನಾ ಒಂದೇ ವ್ಯಾಳ್ಯಾಕ್ಕ ಒಯ್ಯದಿದ್ರ, ಕಾರಿನ ಹತ್ರ ಬೆಳಕು ಹಾಕಿಸಿದ್ರ ಅರ್ಧ ಅಂಜಿಕಿ ಹೋಗ್ತದ. ಇಷ್ಟೆಲ್ಲಾ ಮಾಡಿನೂ ಬೇಕು ಅನ್ನಿಸಿದ್ರ, ವೀಸಾ ಸರಿ ಇದ್ರ, ವಾರಕ್ಕೋ ಹದಿನೈದು ದಿನಕ್ಕೋ ರೇಂಜಿಗೆ ಹೋಗೂ ಮನಸ್ಸಿದ್ರ ತಗೋರಿ, ನಾನು ಅಡ್ಡ ಬರೂದಿಲ್ಲ. ಪಿಸ್ತೂಲಿಗೆ ಕೊಟ್ಟಷ್ಟೇ ರೊಕ್ಕ ಕಲಿಯಲಿಕ್ಕೆ, ಹೋಲ್‌ಸ್ಟರಿಗೆ, ಕೀಲಿ ಪೆಟ್ಟಿಗಿಗೆ ತಗದಿಡ್ರಿ. ಅಷ್ಟು ರೊಕ್ಕ, ಅಷ್ಟು ಹೊತ್ತು ಇಲ್ಲಂದ್ರ ಆ ಗುಲಾಬಿ ಪಿಸ್ತೂಲು ಅಂಗಡ್ಯಾಗೇ ಇರಲಿ ಬಿಡ್ರಿ.