ಬೇಡಿಕೆಯೇ ಬೇರೆ, ಅಗತ್ಯವೇ ಬೇರೆ

ಸಾಕುನಾಯಿಗೆ ಮನೆಯಲ್ಲೇ ತಿನಿಸು ಮಾಡಿಕೊಡುವ ಪರಿಪಾಠ ನಗರದ ಮನೆಗಳಲ್ಲಿ ಕಾಣತೊಡಗಿರುವುದು ಸ್ವಾಗತಾರ್ಹ. ಮೆಲಮಿನ್ ಕಲಬೆರಕೆಯಿಂದಾಗಿ 2007ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಸಾಕುಪ್ರಾಣಿಗಳ ಆಹಾರವನ್ನು ಭಾರೀ ಪ್ರಮಾಣದಲ್ಲಿ ವಾಪಸು ಪಡೆಯಬೇಕಾಯಿತು. ಅದನ್ನು ಬಲ್ಲವರು ಪೊಟ್ಟಣದ ಮೇಲಿನ ಚಿತ್ರವನ್ನಷ್ಟೇ ನಂಬಲಾರರು. ನಾಯಿಗೆ ಧಾನ್ಯ ಸಲ್ಲದೆಂಬ ವಾದವೂ ನಿಲ್ಲುವುದಿಲ್ಲ. ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚೆಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಹಳೇ ಮೈಸೂರಿನ ರೈತರು ಇದಾವುದನ್ನೂ ಓದದೆಯೇ ನಾಯಿಗೆ ಮುದ್ದೆ ಹಾಕುತ್ತಿದ್ದರು.

ಆದರೆ ‘ದೇಹ ಕೇಳಿದ್ದನ್ನು ಕೊಡಿ’ ಎಂಬ ಈಚಿನ ಉಪದೇಶವನ್ನು ನಾಯಿಗೂ ಅನ್ವಯಿಸುವವರ ಬಗ್ಗೆ ನನಗೆ ತಕರಾರಿದೆ. ಬೇಡಿಕೆ ಮತ್ತು ಅಗತ್ಯ ಒಂದೇ ಅಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಕೆಲವು ಸಕ್ಕರೆರಹಿತ ತಿಂಡಿಗಳಲ್ಲಿರುವ ಕ್ಸೈಲಿಟಾಲ್ ರಕ್ತದ ಸಕ್ಕರೆಯನ್ನು ಹಠಾತ್ತನೆ ಕುಸಿಯುವಂತೆ ಮಾಡುತ್ತದೆ. ಇವೆಲ್ಲವನ್ನೂ ನಾಯಿ ಬಾಲವಾಡಿಸುತ್ತಲೇ ತಿನ್ನುತ್ತದೆ! ಬಾಲ ಹೇಳುವುದು ನಾಲಗೆಯ ಮಾತನ್ನು. ದೇಹದ ಮಾತು ಕೇಳಬೇಕಾದರೆ ಪಕ್ಕೆಲುಬು ಬೆರಳಿಗೆ ಸಿಗುತ್ತಿದೆಯೇ, ಮಲ ಗಟ್ಟಿಯಿದೆಯೇ, ನೆಚ್ಚಿನ ಊಟಕ್ಕೂ ಮೂಗು ತಿರುಗಿಸುತ್ತಿದೆಯೇ ಎಂದು ನೋಡಬೇಕು. ದಿನದ ಕ್ಯಾಲರಿಯಲ್ಲಿ ಇಂಥ ತಿನಿಸಿನ ಪಾಲು ಶೇ 10ನ್ನು ಮೀರಬಾರದೆಂಬುದು ಪಶುವೈದ್ಯರ ಲೆಕ್ಕ.

ನಮ್ಮ ಮನೆಯಲ್ಲಿ ರಾಗಿಹಿಟ್ಟು, ಬೇಯಿಸಿದ ಸಿಹಿಗುಂಬಳ, ಒಂದು ಮೊಟ್ಟೆ ಕಲಸಿ, ಉಪ್ಪು ಸಕ್ಕರೆ ಹಾಕದೆ ಬಿಸ್ಕತ್ತು ಸುಡುತ್ತೇವೆ. ನಾಯಿಗೆ ದಿನಕ್ಕೆ ಎರಡೇ. ಇನ್ನು ಸಂಜೆ ನಾಲ್ಕಕ್ಕೆ ಕಾಫಿಯೊಡನೆ ಕೋಡುಬಳೆ ಕೇಳುವುದು ನನ್ನ ಹೊಟ್ಟೆಯೋ ಅಥವಾ ನಿವೃತ್ತಿಯ ನಂತರವೂ ನನ್ನೊಳಗೆ ನಡೆಯುತ್ತಿರುವ ಕಚೇರಿಯ ಗಡಿಯಾರವೋ, ಅದರ ವಿಚಾರಣೆ ಬಾಕಿಯಿದೆ.